ಮಗು ಇನ್ನೂ ಮಾತಾಡ್ತಿಲ್ಲ ಅಂತ ಫೋನಿನಲ್ಲಿ ಹುಡುಕಿದಾಗ

ಒಂದೇ ಪ್ರಶ್ನೆಯನ್ನು ಕನ್ನಡದಲ್ಲಿ ಹುಡುಕಿದರೆ ಸಿಗುವುದು ಒಂದು, ಇಂಗ್ಲಿಷಿನಲ್ಲಿ ಹುಡುಕಿದರೆ ಸಿಗುವುದು ಇನ್ನೊಂದು. ಮಕ್ಕಳ ಬೆಳವಣಿಗೆಯ ವಿಷಯದಲ್ಲಿ ಈ ವ್ಯತ್ಯಾಸ ಎಷ್ಟು ದೊಡ್ಡದು ಅಂತ ನನಗೆ ಗೊತ್ತಾಗಿದ್ದು ತಂಗಿಯ ಮಗನಿಂದ. ಪುಟ್ಟನಿಗೆ ಎರಡು ವರ್ಷ ತುಂಬಿತ್ತು. 'ಅಮ್ಮ', 'ತಾ', 'ಬುವ್ವ' ಬಿಟ್ಟರೆ ಬಾಯಲ್ಲಿ ಜಾಸ್ತಿ ಮಾತಿರಲಿಲ್ಲ. ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಿದ್ದ. ಕೈ ಹಿಡಿದು ಎಳೆದುಕೊಂಡು ಹೋಗುತ್ತಿದ್ದ. ನಮಗೆ ಅರ್ಥವಾಗದಿದ್ದರೆ ನೆಲಕ್ಕೆ ಬಿದ್ದು ರಚ್ಚೆ ಹಿಡಿಯುತ್ತಿದ್ದ.

ತಂಗಿ ಇರುವುದು ಅರಸೀಕೆರೆಯಲ್ಲಿ, ನಾನು ಬೆಂಗಳೂರಿನಲ್ಲಿ. ಅವಳು ಫೋನಿನ ಮೈಕ್ ಒತ್ತಿ ಕನ್ನಡದಲ್ಲೇ ಕೇಳುತ್ತಾಳೆ. ನಾನು ಇಂಗ್ಲಿಷಿನಲ್ಲಿ ಟೈಪ್ ಮಾಡುತ್ತೇನೆ. "ಅಣ್ಣ, ನಿಂಗೇನು ಬಂತು ಹೇಳು, ನಂಗೆ ಬಂದಿದ್ದು ಕಳಿಸ್ತೀನಿ" ಅಂದಳು. ಅವಳು ಕಳಿಸಿದ್ದರಲ್ಲಿ ಜಾಸ್ತಿ ಇದ್ದದ್ದು ವಿಡಿಯೋಗಳು. ನಾಲಿಗೆಗೆ ಬಜೆ ತೇಯ್ದು ಹಚ್ಚಿ, ನಾಲಿಗೆ ಅಂಟಿಕೊಂಡಿದೆಯಾ ನೋಡಿ, ಟಿವಿಯಿಂದ ಬಂದ ಆಟಿಸಂ (ಮಗು ಬೇರೆಯವರ ಜೊತೆ ಬೆರೆಯುವುದರಲ್ಲಿ, ಮಾತಿನಲ್ಲಿ ವ್ಯತ್ಯಾಸ ಕಾಣುವ ಬೆಳವಣಿಗೆಯ ಸ್ಥಿತಿ), ಇಷ್ಟು ದಿನದಲ್ಲಿ ಗ್ಯಾರಂಟಿ ಮಾತು, ದೃಷ್ಟಿ ತೆಗೆಯುವ ವಿಧಾನ. ನನಗೆ ಬಂದಿದ್ದು ಪಟ್ಟಿಗಳು. ಯಾವ ತಿಂಗಳಿಗೆ ಮಗು ಏನೇನು ಮಾಡಬೇಕು ಅನ್ನುವ ಪಟ್ಟಿಗಳು, ಒಂದಾದ ಮೇಲೆ ಒಂದು.

ಪಟ್ಟಿ ಸಿಕ್ಕಿದರೆ ಸಮಾಧಾನ ಆಗಬೇಕಿತ್ತು, ಅಲ್ವಾ? ಆಗಲಿಲ್ಲ. ಒಂದು ಕಡೆ ಎರಡು ವರ್ಷಕ್ಕೆ 50 ಪದ ಬರಬೇಕು ಅಂತಿತ್ತು. ಇನ್ನೊಂದು ಕಡೆ 50 ಪದವನ್ನು ಎರಡೂವರೆ ವರ್ಷದ ಸಾಲಿನಲ್ಲಿ ಬರೆದಿದ್ದರು. ಎರಡೂ ಹೆಸರುವಾಸಿ ಸಂಸ್ಥೆಗಳ ಪುಟಗಳೇ. ಯಾವುದನ್ನು ನಂಬೋದು?

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯಾಕಂದ್ರೆ ತಂದೆತಾಯಿಗಳ ಅರ್ಧ ಗಾಬರಿ ಹುಟ್ಟುವುದೇ ಇಲ್ಲಿ. ಅಮೆರಿಕದ ಸಿಡಿಸಿ ಅನ್ನುವ ಸರ್ಕಾರಿ ಆರೋಗ್ಯ ಸಂಸ್ಥೆಯ ಪಟ್ಟಿ ಪ್ರಪಂಚದಲ್ಲೆಲ್ಲಾ ಓಡಾಡುತ್ತದೆ. ನಮ್ಮ ಕಡೆಯ ಎಷ್ಟೋ ಆ್ಯಪ್‌ಗಳಲ್ಲಿ ಇರುವುದೂ ಅದೇ, ಮೂಲ ಹೇಳಿರುವುದಿಲ್ಲ ಅಷ್ಟೇ. 2022ರ ಫೆಬ್ರವರಿಯಲ್ಲಿ ಸಿಡಿಸಿ ಅಲ್ಲಿನ ಮಕ್ಕಳ ವೈದ್ಯರ ಸಂಘದ ಜೊತೆ ಸೇರಿ ಆ ಪಟ್ಟಿಯನ್ನು ಬದಲಿಸಿತು. ಮುಂಚೆ ಅದರಲ್ಲಿ ಇದ್ದದ್ದು ಸುಮಾರು ಅರ್ಧದಷ್ಟು ಮಕ್ಕಳು ಒಂದು ಕೆಲಸ ಕಲಿತಿರುವ ವಯಸ್ಸು. ಅಂದರೆ ಚೆನ್ನಾಗೇ ಬೆಳೆಯುತ್ತಿರುವ ಇನ್ನರ್ಧ ಮಕ್ಕಳಿಗೆ ಆ ವಯಸ್ಸಿನಲ್ಲಿ ಅದು ಬಂದಿರುವುದಿಲ್ಲ. ಅದಕ್ಕೇ ಡಾಕ್ಟರುಗಳು "ಇನ್ನೂ ಸ್ವಲ್ಪ ದಿನ ನೋಡೋಣ" ಅನ್ನುತ್ತಿದ್ದರು. ಹೊಸ ಪಟ್ಟಿಯಲ್ಲಿ 100ಕ್ಕೆ 75 ಅಥವಾ ಅದಕ್ಕಿಂತ ಜಾಸ್ತಿ ಮಕ್ಕಳು ಮಾಡುವ ವಯಸ್ಸನ್ನು ಹಾಕಿದರು. ಈ ಪಟ್ಟಿಯಲ್ಲಿ ಮಗು ಹಿಂದೆ ಬಿದ್ದರೆ ಕಾಯಬೇಡಿ, ಹೋಗಿ ತೋರಿಸಿ ಅನ್ನುವುದು ಅವರ ಉದ್ದೇಶ. ಹೀಗೆ 50 ಪದ ಎರಡೂವರೆ ವರ್ಷಕ್ಕೆ ಬಂತು. ಎರಡು ವರ್ಷಕ್ಕೆ 'ಹಾಲು ಬೇಕು' ಥರ ಎರಡು ಪದ ಕೂಡಿಸಿ ಹೇಳುವುದು ಉಳಿಯಿತು. ಅಂಬೆಗಾಲನ್ನು ಪೂರ್ತಿ ಕೈಬಿಟ್ಟರು.

ಇದಕ್ಕೆ ತಕರಾರೂ ಬಂತು. ಮಾತಿನ ವಯಸ್ಸನ್ನು ಮುಂದಕ್ಕೆ ಹಾಕಿದರೆ ಸಹಾಯ ಬೇಕಾದ ಮಕ್ಕಳು ತಪ್ಪಿಹೋಗುತ್ತಾರೆ ಅಂತ ಎಷ್ಟೋ ಸ್ಪೀಚ್ ಥೆರಪಿಸ್ಟ್‌ಗಳು ಹೇಳಿದರು. ಅಮೆರಿಕದ ವಾಕ್ ಶ್ರವಣ ತಜ್ಞರ ಸಂಘ 2023ರಲ್ಲಿ ತನ್ನದೇ ಪಟ್ಟಿ ಹೊರತಂದಿತು. ತಜ್ಞರ ನಡುವೆ ಇಂಥ ಜಗಳ ಇರುವುದು ಒಳ್ಳೆಯದೇ. ಆದರೆ ರಾತ್ರಿ ಹನ್ನೊಂದಕ್ಕೆ ಮಗುವಿನ ಪಕ್ಕ ಮಲಗಿ ಫೋನು ನೋಡುವ ತಾಯಿಗೆ ಇದ್ಯಾವುದೂ ಕಾಣುವುದಿಲ್ಲ. ಅವಳಿಗೆ ಕಾಣುವುದು 50 ಅನ್ನುವ ಅಂಕಿ, ಪಕ್ಕದಲ್ಲಿ ಒಂದು ಕೆಂಪು ಗುರುತು.

ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಇದಕ್ಕಿಂತ ಹಿಡಿಸಿತು. ಮಕ್ಕಳು ಕೂರುವುದು, ನಿಲ್ಲುವುದು, ನಡೆಯುವುದನ್ನು ಭಾರತ, ಘಾನಾ, ನಾರ್ವೆ, ಒಮಾನ್, ಅಮೆರಿಕದಲ್ಲಿ ಗಮನಿಸಿ ಬರೆದದ್ದು. ನಮ್ಮ ದೇಶದ ಮಕ್ಕಳು ದೆಹಲಿಯವರು. ಅದರಲ್ಲಿ ಒಂದೇ ವಯಸ್ಸು ಕೊಡದೆ ಎಲ್ಲಿಂದ ಎಲ್ಲಿಯವರೆಗೆ ಅಂತ ಕೊಟ್ಟಿದ್ದಾರೆ. ಯಾರ ಆಸರೆಯೂ ಇಲ್ಲದೆ ನಡೆಯುವುದು 8.2 ತಿಂಗಳಿಂದ 17.6 ತಿಂಗಳವರೆಗೆ. ಎಷ್ಟು ದೊಡ್ಡ ಅಂತರ ನೋಡಿ! 100ಕ್ಕೆ 4ಕ್ಕಿಂತ ಸ್ವಲ್ಪ ಜಾಸ್ತಿ ಮಕ್ಕಳು ಕೈ ಮಂಡಿ ಊರಿ ಅಂಬೆಗಾಲಿಡಲೇ ಇಲ್ಲ. ನೇರವಾಗಿ ಎದ್ದು ನಡೆದರು. ಎದುರು ಮನೆಯ ಮಗು ಹತ್ತು ತಿಂಗಳಿಗೇ ನಡೆಯಿತು ಅಂತ ಕೊರಗುವ ಪ್ರತಿ ಮನೆಗೂ ಈ ಒಂದು ಸಾಲನ್ನು ಮುಟ್ಟಿಸಬೇಕು ಅನ್ನಿಸುತ್ತದೆ.

ಈಗ ತಂಗಿಯ ಫೋನಿಗೆ ಬರೋಣ. ಅಲ್ಲಿದ್ದದ್ದನ್ನು ಸುಮ್ನೆ ಮೂಢನಂಬಿಕೆ ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ನಮ್ಮಜ್ಜಿಯೂ ಬಜೆ ತೇಯ್ದವರೇ. ಬಾಣಂತಿ ಕೋಣೆಯಲ್ಲಿ ತೇಯುವ ಕಲ್ಲಿನ ಪಕ್ಕ ಬಜೆಯ ಕೊಂಬು ಇಲ್ಲದ ಮನೆ ನಮ್ಮ ಕಡೆ ಕಮ್ಮಿ. ಮಗುವಿಗೆ ಒಳ್ಳೆಯದಾಗಲಿ ಅನ್ನುವ ಪ್ರೀತಿಯಿಂದಲೇ ಅದನ್ನು ಹಚ್ಚುತ್ತಾರೆ. ಆದರೆ ಬಜೆಯಲ್ಲಿ ಬೀಟಾ ಅಸರೋನ್ ಅನ್ನುವ ಪದಾರ್ಥವಿದೆ. ಇಲಿಗಳ ಮೇಲಿನ ಪ್ರಯೋಗದಲ್ಲಿ ಗಡ್ಡೆ ಕಂಡಿದ್ದರಿಂದ ಅಮೆರಿಕ 1968ರಲ್ಲೇ ಬಜೆಯನ್ನು ಆಹಾರಕ್ಕೆ ಬಳಸಬಾರದು ಅಂತ ನಿಷೇಧ ಹಾಕಿತು. ಮಾತು ತಡವಾದ ಮಗುವಿಗೆ ಬಜೆ ಜಾಸ್ತಿ ಹಚ್ಚಿ ಅನ್ನುವ ವಿಡಿಯೋದಲ್ಲಿ ಈ ಮಾತು ಇರಲಿಲ್ಲ. ಎಷ್ಟು ಹಚ್ಚಬೇಕು ಅನ್ನುವುದೂ ಇರಲಿಲ್ಲ. ನೋಡಿದವರು ಲಕ್ಷಾಂತರ ಜನ.

ನಾಲಿಗೆ ಅಂಟಿನ ಕಥೆಯೂ ಹಾಗೇ. ನಾಲಿಗೆಯ ಕೆಳಗಿನ ಪೊರೆ ಗಿಡ್ಡ ಇದ್ದರೆ ಹಾಲು ಕುಡಿಯಲು ಕಷ್ಟ ಆಗಬಹುದು, ಕೆಲವು ಅಕ್ಷರ ಹೊರಳದೇ ಇರಬಹುದು. ಮಗುವಿಗೆ ಮಾತೇ ಬಾರದಿರುವುದಕ್ಕೆ ಅದು ಕಾರಣವಲ್ಲ.

'ವರ್ಚುವಲ್ ಆಟಿಸಂ' ಅನ್ನುವುದು ಈಚೆಗೆ ಎಲ್ಲ ಕಡೆ ಕೇಳುತ್ತಿದೆ. ಮೊಬೈಲು ನೋಡಿ ನೋಡಿ ಆಟಿಸಂ ಬರುತ್ತದೆ, ಮೊಬೈಲು ಬಿಡಿಸಿದರೆ ಹೋಗುತ್ತದೆ ಅನ್ನುವುದು ಇದರ ಸಾರ. ಕೇಳಲು ಎಷ್ಟು ಸರಳ! ಆದರೆ ವೈದ್ಯರು ರೋಗಗಳನ್ನು ಗುರುತಿಸಲು ಬಳಸುವ ಎರಡು ದೊಡ್ಡ ಪಟ್ಟಿಗಳಾದ ಐಸಿಡಿ-11 ಮತ್ತು ಡಿಎಸ್ಎಂ-5ರಲ್ಲಿ ಇಂಥ ಕಾಯಿಲೆಯೇ ಇಲ್ಲ. ಹಾಗಂತ ಮೊಬೈಲಿನಿಂದ ತೊಂದರೆಯಿಲ್ಲ ಅಂತಲ್ಲ. ಕೆನಡಾದಲ್ಲಿ 2,441 ತಾಯಿಮಕ್ಕಳನ್ನು ಗಮನಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡನೇ ವಯಸ್ಸಿನಲ್ಲಿ ಜಾಸ್ತಿ ಸ್ಕ್ರೀನ್ ನೋಡಿದ ಮಕ್ಕಳು ಮೂರನೇ ವಯಸ್ಸಿನ ಬೆಳವಣಿಗೆಯ ಪರೀಕ್ಷೆಯಲ್ಲಿ ಕಮ್ಮಿ ಅಂಕ ಪಡೆದರು. ಎರಡು ವರ್ಷದೊಳಗೆ ಸ್ಕ್ರೀನ್ ಬೇಡ, ಎರಡರಿಂದ ಐದರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಅಂತ ನಮ್ಮ ದೇಶದ ಮಕ್ಕಳ ವೈದ್ಯರ ಸಂಘವೇ ಹೇಳಿದೆ. ಮೊಬೈಲು ಬಿಡಿಸಿದ ಮನೆಯಲ್ಲಿ ದೊಡ್ಡವರು ಮಗುವಿನ ಜೊತೆ ಜಾಸ್ತಿ ಮಾತಾಡತೊಡಗುತ್ತಾರೆ, ಮಗು ಸುಧಾರಿಸುತ್ತದೆ. ಅದು ನಿಜ. ನನ್ನ ಸಂಕಟ ಬೇರೆ. ನಿಜವಾಗಿ ಆಟಿಸಂ ಇರುವ ಮಗುವಿನ ತಾಯಿ ಈ ವಿಡಿಯೋ ನೋಡಿ, ಟಿವಿ ಕೇಬಲ್ ತೆಗೆಸಿ, ಇನ್ನಾರು ತಿಂಗಳು ಕಾಯುತ್ತಾಳೆ. ಥೆರಪಿ ಶುರುವಾಗಬೇಕಾದ ಹೊತ್ತು ಅದು. ಅದರ ಮೇಲೆ 'ನಾನೇ ಮೊಬೈಲು ಕೊಟ್ಟು ಹಾಳುಮಾಡಿದೆ' ಅನ್ನುವ ಕೊರಗು ಬೇರೆ.

ಲಸಿಕೆಯಿಂದ ಆಟಿಸಂ ಅನ್ನುವ ಫಾರ್ವರ್ಡ್ ಇನ್ನೂ ಓಡಾಡುತ್ತಲೇ ಇದೆ. ಅದು ಹುಟ್ಟಿದ್ದು ಬರೀ 12 ಮಕ್ಕಳ ಬಗ್ಗೆ 1998ರಲ್ಲಿ ಬಂದ ಒಂದು ಲೇಖನದಿಂದ. ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಡೆನ್ಮಾರ್ಕಿನಲ್ಲಿ ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿದರೂ ದಡಾರ ಲಸಿಕೆಗೂ ಆಟಿಸಂಗೂ ಸಂಬಂಧ ಕಾಣಲಿಲ್ಲ. ಇನ್ನು ಸ್ಟೆಮ್ ಸೆಲ್ (ಆಕರ ಕೋಶ) ಹಾಕಿ ಆಟಿಸಂ ವಾಸಿ ಮಾಡುತ್ತೇವೆ ಅನ್ನುವ ಜಾಹೀರಾತು. ರಕ್ತಕ್ಕೆ ಸಂಬಂಧಪಟ್ಟ ಕೆಲವು ಕಾಯಿಲೆ ಬಿಟ್ಟರೆ ಸ್ಟೆಮ್ ಸೆಲ್ ಒಪ್ಪಿತ ಚಿಕಿತ್ಸೆಯಲ್ಲ ಅಂತ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್ 2017ರ ಮಾರ್ಗಸೂಚಿಯಲ್ಲೇ ಹೇಳಿದೆ. ಆದರೂ ಹುಡುಕಿದ ತಕ್ಷಣ ಮೇಲೆ ಬರುವುದು ಆ ಜಾಹೀರಾತೇ. ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುತ್ತೇವೆ ಅನ್ನುವ 'ಮಿಡ್‌ಬ್ರೈನ್ ಆ್ಯಕ್ಟಿವೇಶನ್' ತರಗತಿಗಳಿಗೆ ಸಾವಿರಾರು ರೂಪಾಯಿ ಕಟ್ಟಿದವರು ನಮ್ಮ ಊರುಗಳಲ್ಲೇ ಇದ್ದಾರೆ. ಮಕ್ಕಳು ಬಟ್ಟೆಯ ಸಂದಿಯಿಂದ ನೋಡುತ್ತಾರೆ ಅಂತ ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಊರೂರಿಗೆ ಹೋಗಿ ತೋರಿಸಬೇಕಾಯಿತು.

ಎಲ್ಲಕ್ಕಿಂತ ಸಿಟ್ಟು ಬಂದದ್ದು ಒಂದು ಸಲಹೆಗೆ. ಹಾಸನದ ಕಡೆಯ ಒಂದು ಕ್ಲಿನಿಕ್ಕಿನಲ್ಲಿ ತಂಗಿಗೆ "ಮನೇಲಿ ಕನ್ನಡ ನಿಲ್ಲಿಸಿ, ಇಂಗ್ಲಿಷ್ ಒಂದೇ ಮಾತಾಡಿ, ಮಗು ಕನ್‌ಫ್ಯೂಸ್ ಆಗಿದೆ" ಅಂದರಂತೆ. ತಂಗಿಯ ಅತ್ತೆಗೆ ಇಂಗ್ಲಿಷ್ ಬಾರದು. ಮಗುವಿನ ಜೊತೆ ದಿನವಿಡೀ ಇರುವವರೇ ಅವರು. ಅವರು ಬಾಯಿ ಮುಚ್ಚಿಕೊಂಡರೆ ಮಗು ಮಾತು ಕಲಿಯುವುದು ಯಾರಿಂದ? ಎರಡು ಭಾಷೆ ಕೇಳಿ ಬೆಳೆಯುವುದರಿಂದ ಮಾತು ತಡವಾಗುವುದಿಲ್ಲ ಅನ್ನುವುದರಲ್ಲಿ ಭಾಷಾ ತಜ್ಞರಿಗೆ ಅನುಮಾನವಿಲ್ಲ. ಒಂದೊಂದು ಭಾಷೆಯಲ್ಲಿ ಪದ ಸ್ವಲ್ಪ ಕಮ್ಮಿ ಇರಬಹುದು. ಎರಡೂ ಸೇರಿಸಿ ಎಣಿಸಬೇಕು. ಮನೆಯಲ್ಲಿ ತುಳು, ಬೀದಿಯಲ್ಲಿ ಕನ್ನಡ, ಅಂಗಡಿಯಲ್ಲಿ ಉರ್ದು ಕೇಳಿ ಬೆಳೆದ ಮಕ್ಕಳು ನಮ್ಮ ರಾಜ್ಯದ ತುಂಬ ಇದ್ದಾರಲ್ಲ! 'ಬುವ್ವ' ಅಂದರೆ ಊಟ, 'ಬೌ ಬೌ' ಅಂದರೆ ನಾಯಿ ಅಂತ ಮಗು ಯಾವಾಗಲೂ ಒಂದೇ ಅರ್ಥದಲ್ಲಿ ಹೇಳಿದರೆ ಅದೂ ಪದವೇ, ಲೆಕ್ಕಕ್ಕೆ ಹಿಡಿಯಬೇಕು.

ನಾನು ಓದಿದ ಒಳ್ಳೆಯ ಪುಟಗಳು ಒಂದು ವಿಷಯದಲ್ಲಿ ಮಾತ್ರ ಜಗಳವಾಡಲಿಲ್ಲ. ಮಾತು ತಡವಾದರೆ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಬೇರೆಲ್ಲ ಆಮೇಲೆ. ತಂಗಿಗೆ ಬಂದ ಯಾವ ವಿಡಿಯೋದಲ್ಲೂ ಇದು ಮೊದಲ ಮಾತಾಗಿರಲಿಲ್ಲ. ಒಂದರಲ್ಲಿ ಮಾತ್ರ ಮಗುವಿನ ಹಿಂದೆ ನಿಂತು ಚಪ್ಪಾಳೆ ತಟ್ಟಿ ನೋಡಿ, ತಿರುಗಿದರೆ ಕಿವಿ ಸರಿ ಇದೆ ಅಂತಿತ್ತು. ಪುಟ್ಟ ಚಪ್ಪಾಳೆಗೆ ತಿರುಗುತ್ತಿದ್ದ. ಕುಕ್ಕರ್ ವಿಷಲ್‌ಗೆ ಬೆಚ್ಚುತ್ತಿದ್ದ. ಹಾಗಾಗಿ ಮನೆಯಲ್ಲಿ ಯಾರಿಗೂ ಕಿವಿಯ ಮೇಲೆ ಅನುಮಾನವಿರಲಿಲ್ಲ. "ಅವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು, ಸುಮ್ನಿರಿ" ಅಂತ ಅತ್ತೆ ಧೈರ್ಯ ಹೇಳುತ್ತಿದ್ದರು.

ರೈಲು ಹತ್ತಿ ಮೈಸೂರಿಗೆ ಹೋದೆವು. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ. ಮೈಸೂರಿನ ಜನ 'ಸ್ಪೀಚ್ ಅಂಡ್ ಹಿಯರಿಂಗ್' ಅಂತಲೇ ಕರೆಯುವುದು. 1965ರಿಂದ ಇರುವ ಕೇಂದ್ರ ಸರ್ಕಾರದ ಸಂಸ್ಥೆ. ಸದ್ದು ಹೊರಗೆ ಹೋಗದ, ಒಳಗೆ ಬಾರದ ಕೋಣೆ. ತಂಗಿಯ ತೊಡೆಯ ಮೇಲೆ ಪುಟ್ಟ. ಎರಡೂ ಪಕ್ಕ ಸ್ಪೀಕರ್. ಒಂದು ಕಡೆಯಿಂದ ಸದ್ದು ಬರುತ್ತದೆ, ಮಗು ಆ ಕಡೆ ತಿರುಗಿದರೆ ಅಲ್ಲಿಟ್ಟ ಬೊಂಬೆ ದೀಪ ಹತ್ತಿ ಕುಣಿಯುತ್ತದೆ. ಜೋರು ಸದ್ದಿಗೆ ಅವನು ತಿರುಗಿ ನಕ್ಕ. ಸದ್ದು ಇಳಿಸುತ್ತಾ ಹೋದಂತೆ ತಿರುಗುವುದು ನಿಂತಿತು. ನಮಗೆ ಚೆನ್ನಾಗೇ ಕೇಳುತ್ತಿದ್ದ ಸದ್ದಿಗೆ ಅವನು ಅಮ್ಮನ ಬಳೆ ತಿರುಗಿಸುತ್ತಾ ಕೂತಿದ್ದ. ಆಮೇಲೆ ಕಿವಿಗೆ ಮೆತ್ತನೆಯ ಬಿರಡೆಯಂಥದ್ದೊಂದು ಇಟ್ಟು ಮಾಡುವ ಪರೀಕ್ಷೆ. ಕಿವಿ ಸರಿ ಇದ್ದರೆ ಕಂಪ್ಯೂಟರಿನ ಗೆರೆ ಗುಡ್ಡದ ಹಾಗೆ ಏಳುತ್ತದೆ. ಇವನದು ಎರಡೂ ಕಿವಿಯಲ್ಲಿ ಚಪ್ಪಟೆ. "ನೋಡಿಮ್ಮ, ಕಿವಿ ಪರದೆ ಹಿಂದೆ ನೀರು ನಿಂತಿದೆ. ಶೀತ ಪದೇ ಪದೇ ಆಗ್ತಿತ್ತಾ?" ಅಂತ ಕೇಳಿದರು. ಆಗುತ್ತಿತ್ತು.

ಇದು ಸಣ್ಣ ಮಕ್ಕಳಲ್ಲಿ ತುಂಬ ಸಾಮಾನ್ಯ. ಜೋರು ಸದ್ದು ಕೇಳುತ್ತದೆ, ಮೆಲುದನಿಯ ಮಾತು ಮಸುಕಾಗುತ್ತದೆ. ಎಷ್ಟೋ ಮಕ್ಕಳಿಗೆ ಮೂರು ತಿಂಗಳಲ್ಲಿ ತಾನೇ ಇಳಿದುಹೋಗುತ್ತದೆ. ಇಳಿಯದಿದ್ದರೆ ಸಣ್ಣ ಆಪರೇಷನ್ ಇದೆ. ಪುಟ್ಟನಿಗೆ ಅದು ಬೇಕಾಗಲಿಲ್ಲ. ಎದುರು ಕೂತು, ಮುಖ ನೋಡಿ, ಟಿವಿ ಆರಿಸಿ ಮಾತಾಡಿ ಅಂದರು. ಮಾಡುವ ಕೆಲಸವನ್ನೇ ಹೇಳುತ್ತಾ ಹೋಗಿ ಅಂದರು. ಅಕ್ಕಿ ಆರಿಸುವಾಗ ಅಕ್ಕಿಯ ಮಾತು, ಸ್ನಾನ ಮಾಡಿಸುವಾಗ ನೀರಿನ ಮಾತು. ಕನ್ನಡದಲ್ಲೇ. ಇದರಲ್ಲಿ ಅತ್ತೆಯನ್ನು ಮೀರಿಸುವವರೇ ಇರಲಿಲ್ಲ.

ಮಾತು ಬಂದ ಹಾಗೆ ರಚ್ಚೆ ಇಳಿಯಿತು. ಹಠಮಾರಿ ಮಗುವನ್ನು ದಾರಿಗೆ ತರುವುದು ಹೇಗೆ ಅಂತ ಹೇಳುವ ಪುಟಗಳನ್ನು ನಾವು ಅಲ್ಲಿಯವರೆಗೆ ಎಷ್ಟು ಓದಿದ್ದೆವು! ಮೂಲೆಯಲ್ಲಿ ನಿಲ್ಲಿಸಿ, ನೋಡಿಯೂ ನೋಡದ ಹಾಗಿರಿ, ಸ್ಟಾರ್ ಕೊಡಿ. ಒಂದಾದರೂ ಪುಟ ಈ ಮಗುವಿಗೆ ಸರಿಯಾಗಿ ಕೇಳಿಸುತ್ತಾ, ರಾತ್ರಿ ನಿದ್ದೆ ಮಾಡುತ್ತಾ, ಬೇಕಾದ್ದನ್ನು ಹೇಳಲು ಮಾತಿದೆಯಾ ಅಂತ ಕೇಳಿರಲಿಲ್ಲ. ಮಗುವಿನ ನಡತೆಯ ಬಗ್ಗೆ ಬರೆಯುವವರು ಈ ಮೂರನ್ನು ಕೇಳದೆ ಸಲಹೆಗೆ ಇಳಿದರೆ ನಾನು ಆ ಪುಟ ಮುಚ್ಚಿಬಿಡುತ್ತೇನೆ.

ಒಳ್ಳೆಯ ಪುಟಕ್ಕೆ ಇನ್ನೂ ಕೆಲವು ಗುರುತುಗಳಿವೆ. ಬರೆದವರು ಯಾರು, ಕೊನೆಗೆ ಯಾವಾಗ ತಿದ್ದಿದ್ದು ಅನ್ನುವುದು ಇರುತ್ತದೆ. 2022ಕ್ಕಿಂತ ಹಳೆಯ ಪಟ್ಟಿಯೇ, ಹೊಸದೇ ಅನ್ನುವುದು ಹಾಗೇ ಗೊತ್ತಾಗುವುದು. ತಿಂಗಳು ತುಂಬದೆ ಹುಟ್ಟಿದ ಮಗುವಿಗೆ ಎರಡು ವರ್ಷದವರೆಗೆ ಹುಟ್ಟಬೇಕಿದ್ದ ದಿನದಿಂದ ವಯಸ್ಸು ಎಣಿಸಿ ಅಂತ ಹೇಳಿದ್ದರೆ ಬರೆದವರಿಗೆ ಮಕ್ಕಳ ಬಗ್ಗೆ ಗೊತ್ತು ಅಂತ ಲೆಕ್ಕ. ಮೊದಲು ಬರುತ್ತಿದ್ದ ಮಾತನ್ನು ಮಗು ಬಿಟ್ಟುಬಿಟ್ಟರೆ ವಯಸ್ಸು ಎಷ್ಟೇ ಇರಲಿ ತಡ ಮಾಡಬೇಡಿ ಅನ್ನುವ ಮಾತೂ ಇರಬೇಕು. ಆನ್‌ಲೈನಿನಲ್ಲಿ ಉಚಿತವಾಗಿ ಸಿಗುವ ಎಂ-ಚಾಟ್ ಅನ್ನುವ 20 ಪ್ರಶ್ನೆಗಳನ್ನು 16ರಿಂದ 30 ತಿಂಗಳ ಮಕ್ಕಳಿಗೆ ಮಾತ್ರ ಬಳಸಬೇಕು. ಅದರಲ್ಲಿ ಬರುವ ಅಂಕ ಡಾಕ್ಟರಿಗೆ ತೋರಿಸಬೇಕೋ ಬೇಡವೋ ಅಂತ ಹೇಳುತ್ತದೆ, ಆಟಿಸಂ ಇದೆಯೋ ಇಲ್ಲವೋ ಅಂತ ಹೇಳುವುದಿಲ್ಲ. ಇದನ್ನು ಸ್ಪಷ್ಟವಾಗಿ ಹೇಳದೆ ಅಂಕ ಕೊಟ್ಟು, ಕೆಳಗೆ ಕೋರ್ಸಿನ ಬಟನ್ ಇಟ್ಟಿರುವ ಪುಟದಿಂದ ದೂರವಿರಿ. ಇಂಗ್ಲಿಷ್ ಓದಬಲ್ಲವರಿಗೆ ಆಸ್ಟ್ರೇಲಿಯಾ ಸರ್ಕಾರದ ನೆರವಿನಿಂದ ನಡೆಯುವ ರೈಸಿಂಗ್ ಚಿಲ್ಡ್ರನ್ ತಾಣ ತುಂಬ ಚೆನ್ನಾಗಿದೆ. ಹೆದರಿಸುವುದಿಲ್ಲ, ಏನೂ ಮಾರುವುದಿಲ್ಲ.

ಕನ್ನಡದಲ್ಲಿ ನಂಬಬಹುದಾದ್ದು ಏನೂ ಇಲ್ಲವೇ? ಇದೆ, ಹುಡುಕಾಟದಲ್ಲಿ ಮೇಲೆ ಬರುವುದಿಲ್ಲ ಅಷ್ಟೇ. ತಂಗಿಯ ಬೀರುವಿನಲ್ಲೇ ಒಂದಿತ್ತು, ತಾಯಿ ಕಾರ್ಡ್. ಲಸಿಕೆಯ ಪುಟ ಆದ ಮೇಲೆ ಮಗು ಯಾವ ವಯಸ್ಸಿಗೆ ಏನು ಮಾಡುತ್ತದೆ ಅನ್ನುವುದು ಚಿತ್ರ ಸಮೇತ ಅದರಲ್ಲಿದೆ, ನಮ್ಮ ಭಾಷೆಯಲ್ಲಿ. ಲಸಿಕೆ ತಾರೀಖು ಬರೆಸಿಕೊಳ್ಳಲು ಮಾತ್ರ ಅದನ್ನು ತೆಗೆಯುತ್ತೇವೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ 2013ರಿಂದ ಇದೆ. ಅದರ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡಬೇಕು. ಬೆಳವಣಿಗೆ ತಡವಾಗಿದ್ದರೆ ಇಂಥ ಮಕ್ಕಳಿಗೆ ಬೇಗ ನೆರವು ಕೊಡಲೆಂದೇ ಇರುವ ಜಿಲ್ಲಾ ಮಟ್ಟದ ಡಿಇಐಸಿ ಕೇಂದ್ರಕ್ಕೆ ಕಳಿಸುತ್ತಾರೆ, ದುಡ್ಡು ಕೊಡಬೇಕಿಲ್ಲ. ತಂಡ ಬರುವ ದಿನ ಯಾವುದು ಅಂತ ಅಂಗನವಾಡಿ ಟೀಚರನ್ನು ಕೇಳಿಟ್ಟುಕೊಳ್ಳಿ. ಮಗುವಿನ ನಡತೆಯಿಂದ ಸಾಕಾಗಿ ಹೋಗಿದ್ದರೆ, ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕು ಅನ್ನಿಸಿದರೆ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿಯಾದ ಟೆಲಿ ಮಾನಸ್ 14416ಕ್ಕೆ ಫೋನು ಮಾಡಬಹುದು. ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ. 2022ರಿಂದ ನಡೆಯುತ್ತಿರುವ ಈ ಸೇವೆಯ ಹಿಂದೆ ನಿಮ್ಹಾನ್ಸ್ ಇದೆ.

ಇದನ್ನೆಲ್ಲ ಯಾರಾದರೂ ಒಂದೇ ಕಡೆ ಕನ್ನಡದಲ್ಲಿ ಬರೆದಿಟ್ಟಿದ್ದರೆ ತಂಗಿಗೆ ಇಂಗ್ಲಿಷ್ ಓದುವ ಅಣ್ಣ ಬೇಕಾಗುತ್ತಿರಲಿಲ್ಲ. ಅಂಥ ಅಣ್ಣ ಇಲ್ಲದ ತಾಯಂದಿರೇ ಜಾಸ್ತಿ. ಈ ಬರಹವನ್ನು ಮಕ್ಕಳ ಡಾಕ್ಟರುಗಳು, ಸ್ಪೀಚ್ ಥೆರಪಿಸ್ಟ್‌ಗಳು, ಮನಶ್ಶಾಸ್ತ್ರ ಓದಿದವರು ಓದುತ್ತಿದ್ದರೆ ನನ್ನದೊಂದು ಕೋರಿಕೆ. ನಿಮ್ಮ ಓಪಿಡಿಯಲ್ಲಿ ದಿನಾ ಹೇಳುವುದನ್ನೇ, ಹೇಳುವ ಹಾಗೇ ಕನ್ನಡದಲ್ಲಿ ಬರೆಯಿರಿ, ಇಲ್ಲ ಮೊಬೈಲಿನಲ್ಲಿ ಮಾತಾಡಿ ಹಾಕಿ. ಹೆಸರು, ತಾರೀಖು, ನಿಮ್ಮ ಜಿಲ್ಲೆಯಲ್ಲಿ ಕಿವಿ ಪರೀಕ್ಷೆ ಎಲ್ಲಿ ಮಾಡುತ್ತಾರೆ ಅನ್ನುವುದು ಇರಲಿ. ಈಗಾಗಲೇ ಬರೆದಿದ್ದರೆ ಕೆಳಗೆ ಲಿಂಕ್ ಹಾಕಿ. ತಂಗಿಯ ಅಂಗನವಾಡಿ ಗ್ರೂಪಿಗೆ ಇವತ್ತೇ ಕಳಿಸುತ್ತೇನೆ.